ಕಾಲಡಿಪೇಟೆಯ ಬಟ್ಟೆ, ಕಲಬಾರಿಯ ಡೋಲು

ಚೆನ್ನೈ ಮೆಟ್ರೊದ ನೀಲಿ ಮಾರ್ಗದಲ್ಲಿ ಉತ್ತರಕ್ಕೆ ಹೊರಟು ವಣ್ಣಾರಪೇಟೆ, ತಂಡೈಯಾರ್‌ಪೇಟೆ ದಾಟಿದರೆ, ತಿರುವೊಟ್ಟಿಯೂರಿನ ಹೊಸ್ತಿಲಲ್ಲಿ ಕಾಲಡಿಪೇಟೆ ಎಂಬ ನಿಲ್ದಾಣ ಸಿಗುತ್ತದೆ. ಶಂಕರಾಚಾರ್ಯರ ಕಾಲಡಿಗೂ ಇದಕ್ಕೂ ನಂಟಿಲ್ಲ. 1717ರಿಂದ 1720ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಜೋಸೆಫ್ ಕೊಲೆಟ್ ನೇಕಾರರನ್ನು ತಂದು ನೆಲೆಗೊಳಿಸಿದ ಊರಿದು. ಕೊಲೆಟ್ ಪೇಟೆ ಜನರ ಬಾಯಲ್ಲಿ ಸವೆದು ಕಾಲಡಿಪೇಟೆಯಾಯಿತು. ಅಲ್ಲಿ ಕಲ್ಯಾಣ ವರದರಾಜ ಪೆರುಮಾಳ್ ಗುಡಿಯಿದೆ. ಕೊಲೆಟ್‌ನ ಕೈಕೆಳಗೆ ಕೆಲಸಕ್ಕಿದ್ದ ವೀರರಾಘವ ಎಂಬಾತ ಕಂಚಿಯ ವರದರಾಜನ ದರ್ಶನ ಮಾಡದೆ ಕೆಲಸಕ್ಕೆ ಬರುತ್ತಿರಲಿಲ್ಲವಂತೆ. ದಿನಾ ತಡ. ಒಂದು ದಿನ ದೊರೆ, ‘ಈಗ, ಈ ಗಳಿಗೆಯಲ್ಲಿ ಕಂಚಿಯಲ್ಲಿ ಏನು ನಡೆಯುತ್ತಿದೆ ಹೇಳು’ ಎಂದು ಕೇಳಿದನಂತೆ. ಅವನು ಕಣ್ಣಾರೆ ಕಂಡವನಂತೆ ಹೇಳಿದ, ಆಳು ಕಳಿಸಿ ವಿಚಾರಿಸಿದರೆ ಹೇಳಿದ್ದು ನಿಜವಾಗಿತ್ತು. ಬೆರಗಾದ ದೊರೆ ದೇವರನ್ನೇ ಇಲ್ಲಿಗೆ ತಂದು ಗುಡಿ ಕಟ್ಟಿಸಿಕೊಟ್ಟ ಎಂಬುದು ಸ್ಥಳಪುರಾಣ. ನೌಕರ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರಲಿ ಎಂಬ ಲೆಕ್ಕಾಚಾರವೂ ಅದರೊಳಗಿತ್ತೇನೋ.

ಲೆಕ್ಕಾಚಾರ ಅಂತೂ ಇದ್ದೇ ಇತ್ತು. ಈಸ್ಟ್ ಇಂಡಿಯಾ ಕಂಪನಿ ನೇಕಾರರಿಗೆ ಪೇಟೆ ಕಟ್ಟಿಕೊಟ್ಟಿದ್ದು ಧರ್ಮಕ್ಕಲ್ಲ. ಮುಂಗಡ ಕೊಟ್ಟು, ಕಣ್ಣಳತೆಯಲ್ಲಿ ಇಟ್ಟುಕೊಂಡು, ಹಡಗು ಹೊರಡುವ ಹೊತ್ತಿಗೆ ಗಂಟು ಕಟ್ಟಿಸಬೇಕಿತ್ತು. 1734ರಲ್ಲಿ ಚಿಂತಾದ್ರಿಪೇಟೆ ಹುಟ್ಟಿದ್ದೂ ಇದೇ ಕಾರಣಕ್ಕೆ. ಆದರೆ ಈ ಬಟ್ಟೆ ಇಂಗ್ಲೆಂಡಿನ ಮೈಮೇಲೆ ಉಳಿಯುವ ಹಾಗಿರಲಿಲ್ಲ. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಬೀದಿಗಿಳಿದು ಗಲಾಟೆ ಎಬ್ಬಿಸಿದ್ದರು. ಅಚ್ಚು ಹಾಕಿದ ಹತ್ತಿಬಟ್ಟೆ ಉಡುವುದಕ್ಕೇ 1721ರಲ್ಲಿ ಪಾರ್ಲಿಮೆಂಟು ನಿಷೇಧ ತಂದಿತು. ಮತ್ತೊಂದು ದೇಶಕ್ಕೆ ಮರುರಫ್ತು ಮಾಡಲು ಮಾತ್ರ ಅಡ್ಡಿಯಿರಲಿಲ್ಲ. ಆ ಮತ್ತೊಂದು ದೇಶ ಬಹಳ ಸಲ ಪಶ್ಚಿಮ ಆಫ್ರಿಕದ ತೀರವಾಗಿತ್ತು. ಪುಲಿಕಾಟಿನಿಂದ ಮದ್ರಾಸಿನವರೆಗಿನ ಕರಾವಳಿಯ ಚೌಕಳಿ ಬಟ್ಟೆ ಲಂಡನ್ನಿನ ಗೋದಾಮಿಗೆ ಹೋಗಿ, ಅಲ್ಲಿಂದ ಗಿನಿ ತೀರಕ್ಕೆ ಇಳಿದು, ಅಲ್ಲಿ ಮನುಷ್ಯರಿಗೆ ಬದಲಿಯಾಗಿ ಎಣಿಕೆಯಾಗುತ್ತಿತ್ತು. ಆ ಮನುಷ್ಯರನ್ನು ಅದೇ ಹಡಗು ಅಟ್ಲಾಂಟಿಕ್ ದಾಟಿಸಿ ಕಬ್ಬಿನ ತೋಟಗಳಿಗೆ ಮಾರುತ್ತಿತ್ತು. ಪಶ್ಚಿಮ ಆಫ್ರಿಕದ ಹಬ್ಬಗಳ ಬಗ್ಗೆ ಬರೆಯುವಾಗ ಈ ತುದಿಯಿಂದ ಶುರು ಮಾಡುವುದಕ್ಕೆ ಕಾರಣವಿದೆ: ಆ ಹಬ್ಬಗಳಲ್ಲಿ ಕೆಲವು ಇಂದಿಗೂ ನಮ್ಮ ಕಡೆಯ ಬಟ್ಟೆಯಿಲ್ಲದೆ ನಡೆಯುವುದಿಲ್ಲ.

ನೈಜರ್ ನದಿ ಹತ್ತಾರು ಕವಲಾಗಿ ಒಡೆದು ಸಮುದ್ರ ಸೇರುವ ಕಡೆ, ಇಂದಿನ ನೈಜೀರಿಯದ ರಿವರ್ಸ್ ರಾಜ್ಯದಲ್ಲಿ, ಕಲಬಾರಿ ಎಂಬ ಜನರಿದ್ದಾರೆ. ಇಜಾ ಜನಾಂಗದ ಒಂದು ಶಾಖೆ. ಕಾಂಡ್ಲಾ ಕಾಡಿನ ನಡುವಿನ ದ್ವೀಪಗಳಲ್ಲಿ ಮೀನು ಹಿಡಿದು ಬದುಕಿದವರು. ಯುರೋಪಿನ ಹಡಗುಗಳು ಬಂದಮೇಲೆ ಒಳನಾಡಿಗೂ ಸಮುದ್ರಕ್ಕೂ ನಡುವೆ ನಿಂತು ದೊಡ್ಡ ವ್ಯಾಪಾರಿಗಳಾದವರು. ಮೊದಲು ಆಳುಗಳ ವ್ಯಾಪಾರ. 1807ರಲ್ಲಿ ಬ್ರಿಟನ್ ಅದನ್ನು ನಿಷೇಧಿಸಿದ ಮೇಲೆ ನಿಧಾನವಾಗಿ ತಾಳೆ ಎಣ್ಣೆಯ ವ್ಯಾಪಾರ. ಕೈಗೆ ಬಂದ ಸಂಪತ್ತನ್ನು ಅವರು ಬಟ್ಟೆಯಾಗಿ ಮಾಡಿ ಪೆಟ್ಟಿಗೆಯಲ್ಲಿಟ್ಟರು. ಅದರಲ್ಲಿ ಎಲ್ಲಕ್ಕಿಂತ ಮೇಲಿನದು ಮದ್ರಾಸಿನ ಚೌಕಳಿ. ಅದಕ್ಕೆ ಅವರು ಇಂಜಿರಿ ಅನ್ನುತ್ತಾರೆ. ಪಕ್ಕದ ಇಗ್ಬೊ ಜನ ಮದುವೆಗೆ ಉಡುವ ಭಾರತದ ಬಟ್ಟೆಗೆ ‘ಜಾರ್ಜ್’ ಎಂಬ ಹೆಸರು, ಸೇಂಟ್ ಜಾರ್ಜ್ ಕೋಟೆಯಿಂದ ಬಂದದ್ದು.

ಮ್ಯಾಂಚೆಸ್ಟರಿನ ಗಿರಣಿಗಳು ಇದೇ ಚೌಕಳಿಯನ್ನು ನಕಲು ಮಾಡಿ ಅಗ್ಗಕ್ಕೆ ಕಳಿಸಿ ನೋಡಿದವು. ಕಲಬಾರಿ ಹೆಂಗಸರು ಬಟ್ಟೆಯನ್ನು ಮೂಸಿ ನೋಡಿ ಅಸಲಿಯೋ ನಕಲಿಯೋ ಹೇಳುತ್ತಿದ್ದರು. ಕೈಮಗ್ಗದ ಮದ್ರಾಸಿಗೆ ಬಣ್ಣದ, ಗಂಜಿಯ ಒಂದು ವಾಸನೆಯಿತ್ತು. ಗಿರಣಿಗೆ ಅದನ್ನು ತರಲಾಗಲಿಲ್ಲ.

ಬಂದ ಬಟ್ಟೆಯನ್ನು ಹಾಗೇ ಉಡುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಹೆಂಗಸರು ಹರಿತವಾದ ಚಿಕ್ಕ ಚಾಕು ಅಥವಾ ಬ್ಲೇಡ್ ಹಿಡಿದು ಕೂರುತ್ತಾರೆ. ಚೌಕಳಿಯ ತಿಳಿಬಣ್ಣದ ಎಳೆಗಳನ್ನು ಬೆರಳಿನಿಂದ ಎತ್ತಿ, ಆಚೆ ಈಚೆ ಕತ್ತರಿಸಿ, ನಡುವಿನ ತುಂಡನ್ನು ಎಳೆದು ತೆಗೆಯುತ್ತಾರೆ. ಒಂದು ಎಳೆ, ಇನ್ನೊಂದು ಎಳೆ, ಗಂಟೆಗಟ್ಟಲೆ. ಕೊನೆಗೆ ಉಳಿಯುವುದು ದಟ್ಟ ಬಣ್ಣದ ಎಳೆಗಳು ಹಾಗೂ ಬೆಳಕು ತೂರುವ ಕಿಂಡಿಗಳಿಂದಾದ ಹೊಸ ವಿನ್ಯಾಸ. ಇದಕ್ಕೆ ‘ಪೆಲೆಟೆ ಬಿಟೆ’ ಎಂದು ಹೆಸರು. ಹಾಸುಹೊಕ್ಕು ಹಾಕಿ ನೇಯ್ದವನು ಕೂಡಿಸಿದ್ದನ್ನು ಇವರು ಕಳೆದು ತಮ್ಮದಾಗಿಸಿಕೊಳ್ಳುತ್ತಾರೆ. ಜೋಆನ್ ಐಕರ್ ಎಂಬ ಅಮೆರಿಕದ ವಿದ್ವಾಂಸೆ ಮತ್ತು ಕಲಬಾರಿಯವರೇ ಆದ ಟೋನ್ಯೆ ಎರೆಕೊಸಿಮ ಈ ಬಟ್ಟೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಯಾರೋ ನೇಯ್ದ ಬಟ್ಟೆ ಯಾರದೋ ಕುಲದ ಗುರುತಾಗುವ ಬಗೆ ಅವರ ಬರಹಗಳ ಮುಖ್ಯ ವಿಷಯ. ಹೆತ್ತ ತಾಯಿ ಬಾಣಂತನ ಮುಗಿಸಿ ಊರ ಮುಂದೆ ಬರುವಾಗ ಈ ಬಟ್ಟೆ ಬೇಕು. ವಯಸ್ಸಾದವರು ತೀರಿಕೊಂಡಾಗ ಮನೆಯ ಕೋಣೆಗಳಲ್ಲಿ ಮಂಚ ಹಾಕಿ, ಹಿರಿಯರ ಪೆಟ್ಟಿಗೆಗಳಿಂದ ತೆಗೆದ ಬಟ್ಟೆಗಳನ್ನು ಗೋಡೆಗೂ ಮಂಚಕ್ಕೂ ಮಡಿಕೆ ಮಡಿಕೆಯಾಗಿ ಹೊದಿಸುತ್ತಾರೆ, ದಿನ ಕಳೆದಂತೆ ಬದಲಿಸುತ್ತಾರೆ. ತುಂಬು ಬಾಳು ಬಾಳಿದವರ ಸಾವು ಅಲ್ಲಿ ದೊಡ್ಡ ಹಬ್ಬ. ಮುಖವಾಡ ಕಟ್ಟಿ ಕುಣಿಯುವವರ ಮೈಮೇಲೂ ಇದೇ ಬಟ್ಟೆ.

ಆ ಕುಣಿತದ ಮೂಲಕ್ಕೆ ಅವರು ಹೇಳುವ ಕಥೆ ಹೀಗಿದೆ. ಎಕಿನೆಬ ಎಂಬ ಚೆಲುವೆಯನ್ನು ನೀರಿನ ದೈವಗಳು ಕದ್ದೊಯ್ದವು. ದೈವಗಳ ತಾಯಿಗೆ ಮಕ್ಕಳ ಮೇಲೆ ಸಿಟ್ಟು ಬಂತು. ಅವಳನ್ನು ವಾಪಸು ಬಿಟ್ಟು ಬನ್ನಿ ಎಂದಳು. ಬಿಡುವ ಮುಂಚೆ ಒಂದೊಂದು ದೈವವೂ ತನ್ನ ತನ್ನ ಆಟವನ್ನು ಅವಳಿಗೆ ತೋರಿಸಿತು. ಊರಿಗೆ ಮರಳಿದ ಎಕಿನೆಬ ಆ ಆಟಗಳನ್ನೆಲ್ಲ ಜನರಿಗೆ ಕಲಿಸಿದಳು. ದೈವಗಳ ಷರತ್ತು ಒಂದೇ: ಆಟ ಶುರುವಾಗುವಾಗ ಡೋಲಿಗೆ ಮೊದಲ ಪೆಟ್ಟು ಎಕಿನೆಬಳದೇ ಆಗಿರಬೇಕು. ಊರ ಹುಡುಗರಿಗೆ ತಾಳ್ಮೆಯೆಲ್ಲಿ? ಮೂರು ಸಲ ಅವಳಿಗಿಂತ ಮುಂಚೆ ಬಾರಿಸಿದರು. ಮೂರನೆಯ ಸಲ ದೈವಗಳು ಬಂದು ಅವಳನ್ನು ಶಾಶ್ವತವಾಗಿ ಕರೆದೊಯ್ದವು. ಅಂದಿನಿಂದ ಆಟ ಗಂಡಸರ ಕೈಗೆ ಬಂತು, ಅವರ ಸಂಘಕ್ಕೆ ಅವಳ ಹೆಸರಿನಿಂದ ‘ಎಕಿನೆ’ ಎಂಬ ಹೆಸರಾಯಿತು, ಅವಳು ಅದರ ಅಧಿದೇವತೆಯಾದಳು. ಹೆಣ್ಣಿನಿಂದ ಬಂದ ವಿದ್ಯೆಯನ್ನು ಹೆಣ್ಣಿಗೇ ಮುಟ್ಟಗೊಡದೆ, ಅವಳ ಹೆಸರಿಟ್ಟು ಪೂಜಿಸುವ ಜಾಣತನ ನಮಗೇನೂ ಹೊಸದಲ್ಲ.

ಎಕಿನೆ ಸಂಘದ ಬಗ್ಗೆ ತುಂಬ ಆಳವಾಗಿ ಬರೆದವರು ರಾಬಿನ್ ಹಾರ್ಟನ್. ಇಂಗ್ಲೆಂಡಿನಿಂದ ಬಂದು ನೈಜೀರಿಯದಲ್ಲೇ ನೆಲೆನಿಂತ ಈ ಮಾನವಶಾಸ್ತ್ರಜ್ಞ 1963ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ವಿಷಯದ ಆಧಾರ. ಕಲಬಾರಿಯವರ ಲೋಕದಲ್ಲಿ ಮೂರು ಬಗೆಯ ಅದೃಶ್ಯರು: ಕುಲದ ಸತ್ತ ಹಿರಿಯರು, ಊರು ಕಟ್ಟಿದ ವೀರರು, ನೀರಿನಲ್ಲಿರುವ ದೈವಗಳು. ಹಿರಿಯರು ಮನೆತನ ಕಾಯುತ್ತಾರೆ, ವೀರರು ಊರು ಕಾಯುತ್ತಾರೆ. ನೀರಿನ ದೈವಗಳು ಯಾರ ನೆಂಟರೂ ಅಲ್ಲ. ತೊರೆ, ಅಲೆ, ಮೀನು, ಗಾಳಿ ಅವುಗಳ ಕೈಯಲ್ಲಿವೆ. ಎಕಿನೆಯ ಒಂದೊಂದು ಆಟವೂ ಅಂಥ ಒಂದೊಂದು ದೈವದ್ದು. ಆಟಗಳ ಸರಣಿ ಮುಗಿಯಲು ವರ್ಷಗಳೇ ಹಿಡಿಯುತ್ತವೆ, ಕೊನೆಗೆ ಎಲ್ಲ ವೇಷಗಳೂ ಒಟ್ಟಿಗೆ ಬೀದಿಗಿಳಿಯುವ ಸಮಾರೋಪ.

ಇಲ್ಲಿ ಪರೀಕ್ಷೆಯೊಂದಿದೆ. ಡೋಲಿನವನು ಮಾತಿನ ಬದಲು ಬಡಿತದಲ್ಲೇ ಊರಿನ ದೈವಸ್ಥಾನಗಳ ಹೆಸರು ಕರೆಯುತ್ತಾನೆ. ವೇಷ ಕಟ್ಟಿದವನು ಕುಣಿತ ತಪ್ಪಿಸದೆ, ಆ ಹೆಸರಿನ ಸ್ಥಳ ಎಲ್ಲಿದೆಯೋ ಆ ದಿಕ್ಕಿಗೆ ಕೈ ಚಾಚಬೇಕು. ಡೋಲು ಮತ್ತೊಂದು ಹೆಸರು ಹೇಳುತ್ತದೆ, ಕೈ ಮತ್ತೊಂದು ದಿಕ್ಕಿಗೆ. ಮುಖವಾಡದ ಕಂಡಿಯೊಳಗಿಂದ ಊರು ಕಾಣುವುದೇ ಕಷ್ಟ. ತಪ್ಪಿದರೆ ಇಡೀ ಊರಿನ ಮುಂದೆ ನಗೆಪಾಟಲು. ದೂರದೂರಿನಿಂದ ಕೊಂಡು ತಂದ ಆಳುಗಳ ಮಕ್ಕಳೂ ಮನೆತನಗಳಲ್ಲಿ ಸೇರಿಹೋಗುತ್ತಿದ್ದ ಸಮಾಜ ಅದು. ಯಾರು ನಮ್ಮವರು ಎಂಬ ಪ್ರಶ್ನೆಗೆ ಅಲ್ಲಿ ರಕ್ತಕ್ಕಿಂತ ನಡೆನುಡಿ ಮುಖ್ಯವಾಯಿತು. ಡೋಲಿನ ಮಾತು ತಿಳಿದವನು ಕಲಬಾರಿಯವನು.

ಹಬ್ಬಗಳ ಮೂಲ ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರ ಸುಗ್ಗಿ, ಮಳೆ, ಫಲವಂತಿಕೆ, ಪಿತೃಪೂಜೆ. ಸುಳ್ಳಲ್ಲ, ಆದರೆ ಅಷ್ಟರಿಂದ ಏನೂ ತಿಳಿಯುವುದಿಲ್ಲ. ಎಕಿನೆಬಳ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆ ಷರತ್ತು. ಒಂದು ಒಪ್ಪಂದವಾಯಿತು, ಅದು ಮುರಿಯಿತು, ಮುರಿದದ್ದಕ್ಕೆ ದಂಡವಾಗಿ ಹಬ್ಬ ನಡೆಯುತ್ತಿದೆ. ಪಶ್ಚಿಮ ಆಫ್ರಿಕದ ಒಂದಾದ ಮೇಲೊಂದು ಹಬ್ಬದ ಕಥೆ ಓದುತ್ತ ಹೋದರೆ ಈ ಎಳೆ ಮತ್ತೆ ಮತ್ತೆ ಸಿಗುತ್ತದೆ. ಹಬ್ಬ ಅಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಸಾಲದ ಕಂತು.

ಇದು ನಮಗೆ ಅರ್ಥವಾಗದ ಸಂಗತಿಯಲ್ಲ. ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ದೇವಸ್ಥಾನದ ಕಲ್ಲುಗಳಲ್ಲಿ ಇದೇ ಸಂಗತಿ ಲಿಖಿತವಾಗಿದೆ, ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಸೇನೆ ಚೋಳ ರಾಜಕುಮಾರ ರಾಜಾದಿತ್ಯನನ್ನು ಆನೆಯ ಮೇಲೇ ಕೊಂದಿತು. ರಾಜಾದಿತ್ಯನಿಗೆ ಕೇರಳದಿಂದ ಬಂದಿದ್ದ ಆಪ್ತ ಸೇನಾನಿಯೊಬ್ಬನಿದ್ದ. ಒಡೆಯ ಸಾಯುವಾಗ ತಾನು ಜೊತೆಗಿರಲಿಲ್ಲ ಎಂಬ ಕೊರಗಿನಲ್ಲಿ ಅವನು ಗಂಗೆಯಲ್ಲಿ ಮಿಂದು ಸನ್ಯಾಸಿಯಾದ. ಚತುರಾನನ ಪಂಡಿತ ಎಂಬ ಹೆಸರಿನಿಂದ ತಿರುವೊಟ್ಟಿಯೂರಿನ ಮಠಕ್ಕೆ ಒಡೆಯನಾದ. ಅವನ ಶಾಸನ ಕನ್ನರದೇವನ, ಅಂದರೆ ಅದೇ ಮೂರನೆಯ ಕೃಷ್ಣನ, ಆಳ್ವಿಕೆಯ 20ನೇ ವರ್ಷದ್ದು. ಒಡೆಯನನ್ನು ಕೊಂದ ದೊರೆಯ ಆಳ್ವಿಕೆಯ ವರ್ಷವನ್ನೇ ಕಾಲಮಾನವಾಗಿ ನಮೂದಿಸಿ, ಊರ ಸಭೆಯ ಕೈಗೆ ಹೊನ್ನು ಕೊಟ್ಟು, ಅದರ ಬಡ್ಡಿಯಿಂದ ತನ್ನ ಜನ್ಮನಕ್ಷತ್ರದ ದಿನ ವಿಶೇಷ ಪೂಜೆ ನಡೆಯಲೆಂದು ಬರೆಸಿದ. ಅಸಲು, ಬಡ್ಡಿ, ಜಾಮೀನು, ಎಲ್ಲ ಇರುವ ಉತ್ಸವ. ಇಂಥ ದತ್ತಿಯ ಬರಹಗಳು ಆ ಗುಡಿಯಲ್ಲಿ ಬೇಕಾದಷ್ಟಿವೆ.

ಅದೇ ಗುಡಿಯ ಮಾಸಿ ತಿಂಗಳ ಬ್ರಹ್ಮೋತ್ಸವದಲ್ಲಿ ‘ಮಗಿಳಡಿ ಸೇವೆ’ ನಡೆಯುತ್ತದೆ. ಶಿವಭಕ್ತ ಸುಂದರರ್ ಇಲ್ಲಿ ಸಂಗಿಲಿಯನ್ನು ಮದುವೆಯಾಗುವಾಗ ‘ನಿನ್ನ ಬಿಟ್ಟು ಹೋಗುವುದಿಲ್ಲ’ ಎಂದು ಆಣೆ ಮಾಡಬೇಕಾಗಿ ಬಂತು. ತಿರುವಾರೂರಿಗೆ ಮರಳುವ ಆಸೆಯಿದ್ದ ಅವನು ಶಿವನ ಹತ್ತಿರ ಗುಟ್ಟಾಗಿ, ‘ಆಣೆಯ ಹೊತ್ತಿಗೆ ನೀನು ಗರ್ಭಗುಡಿ ಬಿಟ್ಟು ಬಕುಲದ ಮರದಡಿ ಇರು’ ಎಂದು ಕೇಳಿಕೊಂಡ. ಶಿವ ಸಂಗಿಲಿಯ ಕನಸಿಗೆ ಹೋಗಿ, ‘ಆಣೆಯನ್ನು ಮರದಡಿಯೇ ಮಾಡಿಸು’ ಎಂದುಬಿಟ್ಟ. ಸುಂದರರ್ ಸಿಕ್ಕಿಬಿದ್ದ, ಆಣೆ ಮಾಡಿದ, ಕೊನೆಗೆ ಅದನ್ನು ಮುರಿದು ಹೊರಟ; ಊರ ಗಡಿ ದಾಟುತ್ತಲೇ ಕಣ್ಣು ಹೋಯಿತು. ಪ್ರತಿ ವರ್ಷ ಜನ ನೋಡುವುದು ಆ ಕರಾರಿನ ದೃಶ್ಯವನ್ನೇ.

ಈಗ ಘಾನಾಕ್ಕೆ ಬರೋಣ. ರಾಜಧಾನಿ ಅಕ್ರಾದ ಮೂಲನಿವಾಸಿಗಳಾದ ಗಾ ಜನರ ದೊಡ್ಡ ಹಬ್ಬ ಹೊಮೊವೊ. ವಲಸೆ ಬರುವಾಗ ಭೀಕರ ಬರ ಬಂತು, ಹಿರಿಯರು ಹಸಿವಿನಿಂದ ಸತ್ತರು, ಉಳಿದವರು ಬಿತ್ತಿದ್ದು ಬೆಳೆದು ಹೊಟ್ಟೆ ತುಂಬಿದಾಗ ಹಸಿವನ್ನು ಅಣಕಿಸಿ ಕೂಗಿದರು ಎಂಬುದು ಹಬ್ಬದ ಮೂಲಕಥೆ. ಆದರೆ ಅಣಕಕ್ಕೆ ಮೊದಲು ಮೌನ. ಮೇ ತಿಂಗಳಲ್ಲಿ ಅರ್ಚಕರು ವಿಧಿಪೂರ್ವಕವಾಗಿ ಸಿರಿಧಾನ್ಯ ಬಿತ್ತುತ್ತಾರೆ. ಅಲ್ಲಿಂದ ಸುಮಾರು 30 ದಿನ ಊರಲ್ಲಿ ಡೋಲು, ಗದ್ದಲ ನಿಷಿದ್ಧ. ಪೈರು ಏಳುವಾಗ ದೈವಗಳಿಗೆ ತೊಂದರೆ ಕೊಡಬಾರದು. ಅಟ್ಲಾಂಟಿಕ್ ತೀರದ ಲಕ್ಷಾಂತರ ಜನರ ಮಹಾನಗರವೊಂದು ಈ ನಿಯಮಕ್ಕೆ ತಲೆಬಾಗಬೇಕು. ಎಲ್ಲರೂ ಬಾಗುವುದಿಲ್ಲ. 1990ರ ದಶಕದ ಕೊನೆಯಲ್ಲಿ, ಭಾನುವಾರ ಡ್ರಮ್ ಸೆಟ್ಟು, ಧ್ವನಿವರ್ಧಕ ಇಟ್ಟು ಪ್ರಾರ್ಥನೆ ಮಾಡುವ ಹೊಸ ಚರ್ಚುಗಳಿಗೂ ಗಾ ಯುವಕರಿಗೂ ಹೊಡೆದಾಟವಾಗಿ, ವಾದ್ಯಗಳು ಪುಡಿಯಾದವು. ನೆಲದ ಒಡೆಯರು ಯಾರು ಎಂಬ ತಕರಾರು ಅದು, ಮೇಲ್ನೋಟಕ್ಕೆ ಸದ್ದಿನದು.

ಆಗಸ್ಟ್ ತಿಂಗಳ ಹಬ್ಬದ ದಿನ ಮನೆಮನೆಯಲ್ಲಿ ‘ಪೊಪೊಯಿ’ ಎಂಬ ಅಡುಗೆ. ಹುದುಗು ಬಂದ ಮುಸುಕಿನ ಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ತಾಳೆ ಎಣ್ಣೆ ಬೆರೆಸಿ, ತಾಳೆಹಣ್ಣಿನ ಸಾರು ಮತ್ತು ಹೊಗೆಯಲ್ಲಿಟ್ಟ ಮೀನಿನ ಜೊತೆ ತಿನ್ನುತ್ತಾರೆ. ಗಾ ದೊರೆ ಅದನ್ನು ಬೀದಿಬೀದಿಯಲ್ಲಿ ಎರಚುತ್ತ ಹೋಗುತ್ತಾನೆ, ಸತ್ತ ಹಿರಿಯರ ಪಾಲಿಗೆ. ಬಿತ್ತುವುದು ಸಿರಿಧಾನ್ಯ, ತಿನ್ನುವುದು ಮುಸುಕಿನ ಜೋಳ ಎಂಬುದನ್ನು ಗಮನಿಸಬೇಕು. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಹಡಗುಗಳ ಕಾಲದಲ್ಲಿ ಬಂದದ್ದು. ಹಬ್ಬ ಹೊಸದನ್ನು ಅಡುಗೆಮನೆಗೆ ಬಿಟ್ಟುಕೊಂಡಿತು, ಹಳೆಯದನ್ನು ಅರ್ಚಕರ ಕೈಯಲ್ಲಿ ಉಳಿಸಿಕೊಂಡಿತು. ಚಿಕ್ಕವರು ದೊಡ್ಡವರೆನ್ನದೆ ಮನೆಯವರೆಲ್ಲ ಒಂದೇ ಬಟ್ಟಲಿಗೆ ಕೈ ಹಾಕುತ್ತಾರೆ. ಮರುದಿನ ಬೆಳಗಿನ ಜಾವ ಆ ವರ್ಷ ತೀರಿಕೊಂಡವರನ್ನು ನೆನೆದು ಅಳುತ್ತಾರೆ. ಆಮೇಲೆ ಮನೆಮನೆಗೆ ಹೋಗಿ ವಂದಿಸಿ ವರ್ಷದ ಜಗಳಗಳನ್ನು ಮುಗಿಸಿಕೊಳ್ಳುತ್ತಾರೆ.

ಅದೇ ಜುಲೈ–ಆಗಸ್ಟಿನಲ್ಲಿ, ಆಡಿ ತಿಂಗಳಲ್ಲಿ, ತಿರುವೊಟ್ಟಿಯೂರಿನ ಮೀನುಗಾರ ಕುಪ್ಪಗಳ ಅಮ್ಮನ ಗುಡಿಗಳ ಮುಂದೆ ದೊಡ್ಡ ದೊಡ್ಡ ಅಂಡೆಗಳಲ್ಲಿ ಕೂಳು ಕಾಯಿಸಿ ಬಂದವರಿಗೆಲ್ಲ ಸುರಿಯುತ್ತಾರೆ. ರಾಗಿಯ ಹುಳಿ ಅಂಬಲಿ. ನಂಜಿಕೊಳ್ಳಲು ನುಗ್ಗೆಸೊಪ್ಪು, ಮನೆಯಲ್ಲಾದರೆ ಒಣಮೀನಿನ ಸಾರು. ಎರಡೂ ಕಡೆ ಹಸಿವಿನ ಕಾಲದ ಊಟವೇ ಹಬ್ಬದ ಊಟವಾಗಿದೆ. ಎರಡೂ ಕಡೆ ಕಡಲಿಗೂ ರಜೆಯಿದೆ. ತಮಿಳುನಾಡಿನ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಇಳಿಯಬಾರದೆಂಬುದು ಸರ್ಕಾರದ ಆಜ್ಞೆ; ಗಾ ಮೀನುಗಾರರು ಮಂಗಳವಾರ ಕಡಲಿಗಿಳಿಯುವುದಿಲ್ಲ, ಆ ದಿನ ಕಡಲಿನ ದೈವದ್ದು. ಹಾಗೆಂದು ‘ಅವರೂ ನಮ್ಮಂತೆಯೇ’ ಎಂದು ಬೆನ್ನು ತಟ್ಟಿಕೊಳ್ಳುವುದು ನನಗೆ ಒಗ್ಗುವುದಿಲ್ಲ. ಆಡಿಯ ಕೂಳು ಅಮ್ಮನಿಗೆ. ಹೊಮೊವೊದ ಪೊಪೊಯಿ ಸತ್ತ ಅಜ್ಜ ಅಜ್ಜಿಯರಿಗೆ. ಹಸಿವಿನಿಂದ ಸತ್ತವರಿಗೆ ವರ್ಷಕ್ಕೊಮ್ಮೆ ಉಣಿಸುವ ಆ ಲೆಕ್ಕ ಬೇರೆಯದೇ.

ನೈಜೀರಿಯದ ಒಷೊಗ್ಬೊ ಊರಿನ ಕಥೆಯಲ್ಲಿ ನಮ್ಮ ಬಟ್ಟೆ ಇಲ್ಲ, ಬಣ್ಣದ ಗಡಿಗೆಗಳಿವೆ. ನೀರು ಹುಡುಕುತ್ತ ಹೊರಟ ಲಾರೊಯೆ ಎಂಬ ನಾಯಕ, ತಿಮೆಹಿನ್ ಎಂಬ ಬೇಟೆಗಾರ ತಮ್ಮ ಜನರೊಂದಿಗೆ ಒಷುನ್ ನದಿಯ ದಡದಲ್ಲಿ ಬೀಡುಬಿಟ್ಟರು. ಕಾಡು ಕಡಿಯುವಾಗ ಮರವೊಂದು ನದಿಗೆ ಬಿತ್ತು. ನೀರೊಳಗಿಂದ ದನಿ ಎದ್ದಿತು: ನನ್ನ ನೀಲಿಬಣ್ಣದ ಗಡಿಗೆಗಳನ್ನೆಲ್ಲ ಒಡೆದುಹಾಕಿದಿರಿ! ನದಿಯ ದೇವತೆ ಒಷುನ್ ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದಳು. ರಾಜಿಯಾಯಿತು. ಜನ ದಡ ಬಿಟ್ಟು ಮೇಲಕ್ಕೆ ಹೋಗಿ ಊರು ಕಟ್ಟಬೇಕು, ವರ್ಷಕ್ಕೊಮ್ಮೆ ಬಂದು ಅವಳನ್ನು ಪೂಜಿಸಬೇಕು. ಅವಳು ಊರನ್ನು ಕಾಯಬೇಕು. ಆಗಸ್ಟಿನಲ್ಲಿ ಸುಮಾರು 12 ದಿನ ನಡೆಯುವ ಹಬ್ಬದ ಕೊನೆಯಲ್ಲಿ ಅರಮನೆಯ ಕನ್ಯೆಯೊಬ್ಬಳು ಕಾಣಿಕೆ ತುಂಬಿದ ಬುರುಡೆಯನ್ನು ತಲೆಯ ಮೇಲೆ ಹೊತ್ತು, ಮಾತಾಡದೆ, ಎಡವದೆ ನದಿಯವರೆಗೆ ನಡೆಯುತ್ತಾಳೆ. ಊರವರೆಲ್ಲರ ಬೇಡಿಕೆಯ ಭಾರ ಅವಳ ಕತ್ತಿನ ಮೇಲೆ. ಆಸ್ಟ್ರಿಯದಿಂದ ಬಂದು ಒಷುನಳ ಭಕ್ತೆಯಾದ ಕಲಾವಿದೆ ಸುಸಾನ್ ವೆಂಗರ್ (1915–2009) ಸ್ಥಳೀಯ ಶಿಲ್ಪಿಗಳ ಜೊತೆ ಸೇರಿ ಆ ದೇವರಕಾಡನ್ನು ಕಾಪಾಡಿದರು. 2005ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇಗ್ಬೊ ಜನರ ಹೊಸ ಗೆಣಸಿನ ಹಬ್ಬದ ಪರಿಚಯ ಕನ್ನಡದ ಓದುಗರಿಗೆ ಚಿನುವಾ ಅಚಿಬೆಯಿಂದಾಗಿ ಮೊದಲೇ ಇದೆ. ಹಿರಿಯರಿಗೂ ದೈವಕ್ಕೂ ಒಪ್ಪಿಸುವವರೆಗೆ ಹೊಸ ಗೆಣಸನ್ನು ಯಾರೂ ಬಾಯಿಗಿಡಬಾರದು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುತ್ತರಿಯಲ್ಲಿ ಕದಿರಿನ ಜೊತೆ ಗೆಣಸೂ ಇದೆ. ಅಚಿಬೆಯ 1964ರ ಕಾದಂಬರಿ ‘ಆ್ಯರೋ ಆಫ್ ಗಾಡ್’ ಈ ಹಬ್ಬದ ಮುಹೂರ್ತದ ಮೇಲೇ ನಿಂತಿದೆ. ಬ್ರಿಟಿಷರ ಸೆರೆಯಲ್ಲಿದ್ದು ಮರಳಿದ ಅರ್ಚಕ ಎಜೆಯುಲು, ತಿಂಗಳಿಗೊಂದರಂತೆ ತಿನ್ನಬೇಕಿದ್ದ ವಿಧಿಯ ಗೆಣಸು ಇನ್ನೂ ಮುಗಿದಿಲ್ಲ ಎಂದು ಹಬ್ಬದ ದಿನ ಘೋಷಿಸಲು ಒಪ್ಪುವುದಿಲ್ಲ. ಗೆಣಸು ಹೊಲದಲ್ಲೇ ಕೊಳೆಯುತ್ತದೆ. ಹಸಿದ ಜನ ಕ್ರೈಸ್ತರ ದೇವರ ಹೆಸರಿನಲ್ಲಿ ಬೆಳೆ ಕೀಳುತ್ತಾರೆ. ಕರಾರನ್ನು ಅಕ್ಷರಕ್ಕೆ ಅಕ್ಷರ ಪಾಲಿಸಹೊರಟವನಿಂದಲೇ ಕರಾರು ಮುರಿದುಬಿತ್ತು. ಹಬ್ಬದ ಒಳಗಿನ ಬಿಗಿಯನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಪುಸ್ತಕ ನನಗೆ ತಿಳಿಯದು.

ಭಾರತದಿಂದ ಹೋದದ್ದು ಬಟ್ಟೆಯೊಂದೇ ಅಲ್ಲ. ಹಾವು ಹಿಡಿದು ನಿಂತ ಹೆಂಗಸಿನ ಬಣ್ಣದ ಚಿತ್ರವೊಂದು 1880ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅಚ್ಚಾಯಿತು, ಯಾವುದೋ ಹಾವಾಡಿಸುವ ಪ್ರದರ್ಶನಕ್ಕಾಗಿ. ನಾವಿಕರ ಕೈಯಲ್ಲಿ ಅದು ಪಶ್ಚಿಮ ಆಫ್ರಿಕ ತಲುಪಿದಾಗ ಅಲ್ಲಿನವರು ನೀರಿನ ದೇವತೆ ಮಾಮಿ ವಾಟಳನ್ನು ಅದರಲ್ಲಿ ಕಂಡರು. ಬೇಡಿಕೆ ಎಷ್ಟಿತ್ತೆಂದರೆ 1955ರಲ್ಲಿ ಬೊಂಬಾಯಿಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ ಅದೇ ಚಿತ್ರದ 12,000 ಪ್ರತಿ ಅಚ್ಚು ಹಾಕಿ ಘಾನಾದ ಕುಮಾಸಿಯ ವ್ಯಾಪಾರಿಗೆ ಕಳಿಸಿತು. ಹಿಂದೆಯೇ ನಮ್ಮ ದೇವರುಗಳ ಕ್ಯಾಲೆಂಡರ್ ಚಿತ್ರಗಳೂ ಹೋದವು. ಟೋಗೊ, ಬೆನಿನ್ ದೇಶಗಳ ವೊಡುನ್ ಮತದ ಗುಡಿಗಳಲ್ಲಿ ಮೂರು ತಲೆಯ ನೀರಿನ ದೈವ ಡೆನ್ಸುವಿಗೆ ನಮ್ಮ ದತ್ತಾತ್ರೇಯನ ಚಿತ್ರವೇ ರೂಪ. ಗಾಣಗಾಪುರಕ್ಕೆ ನಡೆದುಕೊಳ್ಳುವವರು ಇದನ್ನು ಕೇಳಿ ಹುಬ್ಬೇರಿಸಬಹುದು. ಆದರೆ ಡೆನ್ಸುವಿನ ಭಕ್ತರು ಭಾರತದಿಂದ ದೇವರನ್ನು ಸಾಲ ತಂದೆವು ಎಂದುಕೊಂಡಿಲ್ಲ. ತಮ್ಮ ದೈವದ ಸರಿಯಾದ ಭಾವಚಿತ್ರ ಕಡೆಗೂ ಸಿಕ್ಕಿತು ಎಂಬುದು ಅವರ ನಿಲುವು. ಎಳೆ ಕಿತ್ತು ಮದ್ರಾಸನ್ನು ಕಲಬಾರಿ ಮಾಡಿಕೊಂಡ ಹೆಂಗಸರದೂ ಇದೇ ನ್ಯಾಯ.

ಇನ್ನು ತೀರದ ಸಾಲ. ಅಟ್ಲಾಂಟಿಕ್ ದಾಟಲು ಹಡಗೇರಿಸಿದ ಆಫ್ರಿಕನ್ನರ ಸಂಖ್ಯೆ ಸುಮಾರು 1.25 ಕೋಟಿ ಎಂದು ಇತಿಹಾಸಕಾರರ ಅಂದಾಜು. (ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಪೂರ್ವಿಕರು ಬಂದದ್ದು ಬಹುಮಟ್ಟಿಗೆ ಪೂರ್ವ ಆಫ್ರಿಕದಿಂದ, ಬೇರೆ ಕಡಲಿನ ದಾರಿಯಲ್ಲಿ. ಅವರ ಡಮಾಮಿ ಕುಣಿತವನ್ನು ಈ ಲೆಕ್ಕಕ್ಕೆ ಸೇರಿಸುವುದು ಸಲ್ಲ.) ಬೆನಿನ್ ದೇಶದ ವೀಡಾ ಅಟ್ಲಾಂಟಿಕ್ ದಾರಿಯ ಅಂಥ ದೊಡ್ಡ ಬಂದರು. 1990ರ ದಶಕದಿಂದ ಅಲ್ಲಿ ಜನವರಿಯಲ್ಲಿ ವೊಡುನ್ ಹಬ್ಬ, ಅದಕ್ಕೆ ಸರ್ಕಾರಿ ರಜೆ. ಸರಪಳಿಯಲ್ಲಿದ್ದವರು ನಡೆದ ದಾರಿಯಲ್ಲೇ ಭಕ್ತರು ಕಡಲಿನವರೆಗೆ ಹೋಗುತ್ತಾರೆ. ಬ್ರೆಜಿಲ್, ಹೈಟಿಯಿಂದ ಬಂದ ವಂಶಸ್ಥರೂ ಇರುತ್ತಾರೆ. ಕೊಂಡವರ, ಕೊಂಡೊಯ್ದವರ, ಮಾರಿದವರ ಮಕ್ಕಳೆಲ್ಲ ಒಂದೇ ದಡದಲ್ಲಿ. ಅಲ್ಲಿ ನೇಯ್ದವರ ಮಕ್ಕಳಿಗೆ ಯಾರೂ ಕರೆ ಕಳಿಸಿಲ್ಲ. ಕಳಿಸಬೇಕಿತ್ತೆಂದೂ ನಾನು ಹೇಳುತ್ತಿಲ್ಲ. ಮುಂಗಡ ತಿಂದು ಮಗ್ಗದ ಗುಂಡಿಗೆ ಇಳಿದವನಿಗೆ ತನ್ನ ಚೌಕಳಿ ಎಲ್ಲಿಗೆ ಹೊರಟಿತು ಎಂದು ತಿಳಿಯುವ ದಾರಿ ಇರಲಿಲ್ಲ. ಕೊಲೆಟ್‌ನಂಥವರಿಗೆ ತಿಳಿದಿತ್ತು.

ಹಬ್ಬಗಳೂ ಅಬಾಧಿತವಾಗಿ ಉಳಿದಿಲ್ಲ. 1916ರ ಸುಮಾರಿಗೆ ಗ್ಯಾರಿಕ್ ಬ್ರೇಡ್ ಎಂಬ ಕ್ರೈಸ್ತ ಬೋಧಕನ ಚಳವಳಿ ಎದ್ದಾಗ ಕಲಬಾರಿ ಊರುಗಳಲ್ಲಿ ಹಿರಿಯರ ಮರದ ಪ್ರತಿಮೆಗಳನ್ನು ಸುಟ್ಟರು. ಅಮೋರಿ ಟಾಲ್ಬಟ್ ಎಂಬ ಬ್ರಿಟಿಷ್ ಅಧಿಕಾರಿ ಕೆಲವನ್ನು ಸಾಗಿಸಿದ್ದರಿಂದ ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಟ್ಟೆಗೆ ಬೆಂಕಿ ಬೀಳಲಿಲ್ಲ. ಅದು ಮೂರ್ತಿಯಾಗಿರದೆ ಆಸ್ತಿಯಾಗಿತ್ತು. 1984ರಲ್ಲಿ ಕಲಬಾರಿಯವರ ಬುಗುಮ ಊರಿಗೆ ನೂರು ತುಂಬಿದಾಗ ಯುದ್ಧದೋಣಿಗಳ ಮೆರವಣಿಗೆಯೂ ನಡೆಯಿತು, ಮುಖವಾಡಗಳೂ ಕುಣಿದವು, ಪೆಟ್ಟಿಗೆಗಳಿಂದ ಇಂಜಿರಿಯೂ ಹೊರಬಂತು. ಅಷ್ಟರಲ್ಲಿ ನೈಜೀರಿಯ ಬಟ್ಟೆಯ ಆಮದಿಗೆ ಕಡಿವಾಣ ಹಾಕಿತ್ತು, ಮದ್ರಾಸಿನ ಸುತ್ತಲ ಕೈಮಗ್ಗಗಳಿಗೆ ಆ ಪೇಟೆ ಕುಗ್ಗಿಹೋಗಿತ್ತು. ಹಳೆಯ ತುಂಡುಗಳ ಬೆಲೆ ಏರಿತು. ಅಜ್ಜಿಯ ಇಂಜಿರಿ ಯಾರ ಪಾಲಿಗೆ ಎಂಬ ಮನೆ ಜಗಳಗಳೂ ಏರಿರಲೇಬೇಕು.

ನೋಡಬೇಕೆನ್ನುವವರು ಆಗಸ್ಟಿನಲ್ಲಿ ಹೊರಟರೆ ಒಂದೇ ಪ್ರವಾಸದಲ್ಲಿ ಅಕ್ರಾದ ಹೊಮೊವೊ, ಒಷೊಗ್ಬೊದ ನದಿಹಬ್ಬ, ಎಲ್ಲಾದರೊಂದು ಇಗ್ಬೊ ಊರಿನ ಹೊಸ ಗೆಣಸು, ಮೂರನ್ನೂ ಹಿಡಿಯಬಹುದು. ಗಾ ಊರುಗಳು ಬೇರೆ ಬೇರೆ ದಿನ ಹಬ್ಬ ಮಾಡುವುದರಿಂದ ಒಂದು ತಪ್ಪಿದರೆ ಇನ್ನೊಂದಿದೆ. ಮೇ ತಿಂಗಳ ಕೊನೆಗೆ ಹೋಗುವವರು ಮಾತ್ರ ಹೋಟೆಲಿನಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು: ಆಗ ಅಕ್ರಾದ ಹಳೆಯ ಕೇರಿಗಳಲ್ಲಿ ಮದುವೆಗೂ ಡೋಲು ಬಾರಿಸುವ ಹಾಗಿಲ್ಲ.